ಗುಂಡಿಗಿಳಿದವನಿಗೆ ಹೇಳಲಿಲ್ಲ

ಭಾನುವಾರ ಮಧ್ಯಾಹ್ನ ಮುನಿಹನುಮನನ್ನು ಆಸ್ಪತ್ರೆಯ ನೆಲಮಾಳಿಗೆಯ ಗುಂಡಿಗೆ ಇಳಿಸಿದರು. ಇಳಿಸಿದವನು ಬೈರಣ್ಣ. ಗುಂಡಿಯಲ್ಲಿ ಏನಿದೆ ಅಂತ ಅವನು ಹೇಳಲಿಲ್ಲ. ಮುನಿಹನುಮ ಕೇಳಲೂ ಇಲ್ಲ. ಗುಂಡಿಯಲ್ಲಿ ಏನಿರುತ್ತದೆ ಅನ್ನುವುದು ಅವನ ಅಪ್ಪನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಈ ಗುಂಡಿಯಲ್ಲಿದ್ದದ್ದು ಮಾತ್ರ ಗೊತ್ತಿರಲಿಲ್ಲ.

ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಬೈರಣ್ಣನ ಮನೆಯವರು ರಾಗಿ ಬೆಳೆಯುತ್ತಿದ್ದರು. ಮುನಿಹನುಮನ ಅಪ್ಪ ಆ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದ. ಆಮೇಲೆ ಹೊಲ ಲೇಔಟ್ ಆಯಿತು. ಉಳಿದ ಮೂಲೆಯಲ್ಲಿ ಬೈರಣ್ಣ ಶೀಟ್ ಮನೆಗಳ ಸಾಲು ಕಟ್ಟಿ ಬಾಡಿಗೆಗೆ ಬಿಟ್ಟ. ಜಯನಗರದ ಒಂದು ಖಾಸಗಿ ಆಸ್ಪತ್ರೆಗೆ ಗುಡಿಸುವವರನ್ನು, ಒರೆಸುವವರನ್ನು ಕಳಿಸುವ ಕಾಂಟ್ರಾಕ್ಟ್ ಹಿಡಿದ. ಮುನಿಹನುಮನ ಹೆಂಡತಿ ಅಣ್ಣಮ್ಮ ಬೈರಣ್ಣನ ಶೀಟ್ ಮನೆಯಲ್ಲಿದ್ದಳು, ಬೈರಣ್ಣನ ಕಾಂಟ್ರಾಕ್ಟಿನಲ್ಲೇ ನೆಲ ಒರೆಸುತ್ತಿದ್ದಳು. ಮನೆ, ಕೆಲಸ ಎರಡೂ ಒಬ್ಬನ ಮುಷ್ಟಿಯಲ್ಲಿದ್ದವು.

ಆ ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯಲ್ಲಿ ಬೀಗ ಹಾಕುವ ಎರಡು ಕೋಣೆಗಳಿದ್ದವು. ಕತ್ತಿನಲ್ಲಿ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿಸಿಕೊಂಡವರು ಅಲ್ಲಿಗೆ ಬರುತ್ತಿದ್ದರು. ಅವರಿಗೆ ವಿಕಿರಣ ಸೂಸುವ ಅಯೋಡಿನ್ ಕುಡಿಸುತ್ತಿದ್ದರು. ಕುಡಿದವರ ಹತ್ತಿರ ಕೆಲವು ದಿನ ಯಾರೂ ಹೋಗುವಂತಿಲ್ಲ. ಊಟ ಬಾಗಿಲ ಬಳಿ ಇಟ್ಟು ಬರಬೇಕು. ಅವರ ಕಕ್ಕಸಿನ ನೀರು ಊರಿನ ಚರಂಡಿಗೆ ಸೇರುವಂತಿಲ್ಲ. ಬೇರೆ ಪೈಪಿನಲ್ಲಿ ನೆಲಮಾಳಿಗೆಯ ತೊಟ್ಟಿಗೆ ಇಳಿದು, ಅದರ ಜೋರು ಆರುವವರೆಗೂ ಅಲ್ಲೇ ನಿಲ್ಲಬೇಕು. ಇದ್ಯಾವುದನ್ನೂ ಅಣ್ಣಮ್ಮನಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಬಾಗಿಲ ಮೇಲೆ ಬಸುರಿಯ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಅಷ್ಟು ನೋಡಿ ಅವಳು ಅಲ್ಲಿ ಬೇಗ ಬೇಗ ಒರೆಸಿ ಬರುತ್ತಿದ್ದಳು.

ತೊಟ್ಟಿಗೆ ಸೇರುವ ಮುಂಚಿನ ಗುಂಡಿಯಲ್ಲಿ ಆ ಪೈಪು ಕಟ್ಟಿಕೊಂಡಿತು. ತೊಟ್ಟಿ ಕಟ್ಟಿದ ಕಂಪನಿಯವರನ್ನು ಕರೆಸಿದರೆ ಅವರು ಬರುವವರೆಗೂ ಕೋಣೆ ಖಾಲಿ ಇಡಬೇಕು. ಆಸ್ಪತ್ರೆಯವರು ಬೈರಣ್ಣನಿಗೆ ಫೋನು ಮಾಡಿದರು. ಬೈರಣ್ಣ ಮುನಿಹನುಮನ ಮನೆಯ ಮುಂದೆ ಬೈಕು ನಿಲ್ಲಿಸಿದ.

ಮುನಿಹನುಮ ಬನಿಯನ್, ಚಡ್ಡಿಯಲ್ಲಿ ಇಳಿದ. ಬಿದಿರಿನ ದಬ್ಬೆಯಿಂದ ಚುಚ್ಚಿದ. ಜಗ್ಗಲಿಲ್ಲ. ಕೈ ಹಾಕಿದ. ಭುಜದವರೆಗೂ ಕೈ ಹೋಯಿತು. ಒಳಗಿನಿಂದ ಬಟ್ಟೆಯ ಮುದ್ದೆಯೊಂದು ಬಿಟ್ಟುಕೊಂಡಿತು, ಹಿಂದೆಯೇ ಕಟ್ಟಿ ನಿಂತಿದ್ದ ನೀರೆಲ್ಲ ಅವನ ಮುಖಕ್ಕೆ ಹೊಡೆಯಿತು. ಬಾಯಿಗೂ ಹೋಯಿತು. ಅವನು ಉಗಿದು, ಮೇಲೆ ಬಂದು, ನಲ್ಲಿಯ ಕೆಳಗೆ ಕೂತು ತೊಳೆದುಕೊಂಡ. ಬೈರಣ್ಣ ಸೋಪು ಕೊಟ್ಟ, ಕುಡಿಯಲು ಒಂದು ಕ್ವಾರ್ಟರ್ ಕೊಟ್ಟ. ಆ ಕೆಲಸಕ್ಕೆ ಯಾವಾಗಲೂ ಕೊಡುವುದು ಅದನ್ನೇ.

ಮನೆಯಲ್ಲಿ ಮಗಳು ಹೇಮಶ್ರೀ ಇದ್ದಳು. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದವಳು. ಅಪ್ಪನಿಗೆ ಬಿಸಿನೀರು ಕಾಯಿಸಿದಳು. ಬೆನ್ನಿಗೆ ನೀರು ಹುಯ್ದು, ಕೂದಲಿಗೆ ಸೀಗೆಪುಡಿ ಹಾಕಿ ಉಜ್ಜಿದಳು. ಅವನ ಬಟ್ಟೆಯನ್ನು ಹೊಟ್ಟೆಗೆ ಒತ್ತಿಕೊಂಡು ಹಿಂಡಿದಳು. ಒಂದೇ ಕೋಣೆಯ ಮನೆ. ಮೂವರೂ ಅಲ್ಲೇ ಮಲಗಿದರು.

ಸೋಮವಾರ ಬೆಳಿಗ್ಗೆ ಸುರಭಿ ಮೇಡಂ ರಜೆ ಮುಗಿಸಿ ಬಂದರು. ಆ ಕೋಣೆಗಳ ವಿಕಿರಣದ ಮೇಲೆ ಕಣ್ಣಿಡುವುದು ಅವರ ಕೆಲಸ. ಕೈಯಲ್ಲಿ ಸದಾ ಒಂದು ಮೀಟರ್ ಇರುತ್ತಿತ್ತು, ಸಣ್ಣಗೆ ಟಿಕ್ ಟಿಕ್ ಅನ್ನುವುದು. ಅವತ್ತು ನೆಲಮಾಳಿಗೆಯ ಮೆಟ್ಟಿಲಲ್ಲೇ ಅದು ಒಂದೇ ಸಮನೆ ಕಿರುಚತೊಡಗಿತು. ಮೇಡಂ ನೆಲಕ್ಕೆ ಹಿಡಿದರು, ನಲ್ಲಿಗೆ ಹಿಡಿದರು, ಗೋಡೆಗೆ ಒರಗಿಸಿಟ್ಟಿದ್ದ ಬಿದಿರಿನ ದಬ್ಬೆಗೆ ಹಿಡಿದರು. ಅವರ ಮುಖ ಬಿಳುಚಿಕೊಂಡಿತು. ಮೆಟ್ಟಿಲು ಒರೆಸಲು ಬಂದ ಅಣ್ಣಮ್ಮನಿಗೆ ಹಿಂದೆ ಹೋಗು ಅಂದರು. ಯಾಕೆ ಅಂತ ಹೇಳಲಿಲ್ಲ.

ಅಣ್ಣಮ್ಮ ಹಿಂದೆ ಸರಿದಳು. ದಬ್ಬೆ ಅವಳ ಮನೆಯದು. ತುದಿಗೆ ಸುತ್ತಿದ್ದ ಸೀರೆಯ ಚೂರು ಅವಳದು.

ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ವಸಿಷ್ಠ ಅವರ ಕೋಣೆಗೆ ಸುರಭಿ ಹೋದರು. ಬೈರಣ್ಣನನ್ನೂ ಕರೆಸಿದರು. ಕಾಫಿ ತರಲು ಅಣ್ಣಮ್ಮನಿಗೆ ಹೇಳಿದರು. ಅವಳು ಫ್ಲಾಸ್ಕು ಹಿಡಿದು ಒಳಗೆ ಹೋದಾಗ ಮಾತು ನಿಲ್ಲಲಿಲ್ಲ. ಕುರ್ಚಿ, ಮೇಜು ಇದ್ದ ಹಾಗೆ ಅವಳೂ ಇದ್ದಳು.

ಇಂಥದ್ದು ನಡೆದರೆ ಆ ದಿನವೇ ಮುಂಬೈಯ ಅಣುಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಬೇಕು, ಅದು ನಿಯಮ, ಈಗಾಗಲೇ ತಡವಾಗಿದೆ ಎಂದು ಸುರಭಿ ಹೇಳುತ್ತಿದ್ದರು. ವಸಿಷ್ಠ ಗದರಲಿಲ್ಲ. ಅವರು ಗದರುವ ಮನುಷ್ಯನೇ ಅಲ್ಲ. ತೂಗಿ ನೋಡೋಣ ಅಂದರು.

“ತಿಳಿಸಿದ್ವಿ ಅಂತಿಟ್ಕೊಳ್ಳಿ. ವಾರ್ಡಿಗೆ ಬೀಗ ಬೀಳುತ್ತೆ. ಮತ್ತೆ ತೆಗೆಯೋಕೆ ಎಷ್ಟು ತಿಂಗಳೋ. ಬಿಪಿಎಲ್ ಕಾರ್ಡಿಗೆ ಈ ಟ್ರೀಟ್‌ಮೆಂಟ್ ಕೊಡೋರು ಈ ಕಡೆ ನಾವು ಬಿಟ್ರೆ ಯಾರಿದ್ದಾರೆ? ಕಾಯ್ತಾ ಇರೋ ಬಡವರ ಕತೆ ಏನು? ಅವರಲ್ಲಿ ಇಬ್ಬರಿಗೆ ಕಾಯಿಲೆ ಹರಡಿದ್ರೆ ಆ ಪಾಪ ಯಾರದು? ಇನ್ನೊಂದು ಕಡೆ ಒಬ್ಬ ಮನುಷ್ಯ. ನಮ್ಮ ಪೇಷೆಂಟಿಗೆ ನಾವೇ ಕುಡಿಸ್ತೀವಲ್ಲ, ಅದರಲ್ಲಿ ಒಂದು ಚೂರು ಅವನಿಗೆ ಹೋಗಿರಬಹುದು.”

“ಪೇಷೆಂಟಿಗೆ ಕಾಯಿಲೆ ಇದೆ ಸಾರ್, ಅದಕ್ಕೆ ಕುಡಿಸ್ತೀವಿ. ಇವನಿಗೆ ಏನಿತ್ತು?” ಅಂದರು ಸುರಭಿ. ಭಾನುವಾರವೇ ಹೇಳಿದ್ದರೆ ಒಂದು ಮಾತ್ರೆ ಕೊಡಬಹುದಿತ್ತು, ಅದು ಕತ್ತಿನ ಗ್ರಂಥಿಯೊಳಕ್ಕೆ ವಿಷ ಇಳಿಯದ ಹಾಗೆ ತಡೆಯುತ್ತಿತ್ತು, ಒಂದು ರಾತ್ರಿ ಕಳೆದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ ಎಂದರು.

ವಸಿಷ್ಠ ಆ ಮಾತನ್ನೇ ಹಿಡಿದುಕೊಂಡರು. “ನೀವೇ ಹೇಳಿದ್ರಲ್ಲ. ಈಗ ತಿಳಿಸಿ ಅವನಿಗೆ ಆಗೋ ಲಾಭ ಏನೂ ಇಲ್ಲ. ನಷ್ಟ ಮಾತ್ರ ಎಲ್ಲರಿಗೂ ಇದೆ. ಮತ್ತೆ ಯಾರ ಸುಖಕ್ಕೆ ತಿಳಿಸಬೇಕು?”

ಮನುಷ್ಯನನ್ನು ಗುಂಡಿಗೆ ಇಳಿಸಿದ್ದೇ ಬೇರೆ ಕಾನೂನಿನಲ್ಲಿ ಅಪರಾಧ, ಒಂದು ಹೊರಗೆ ಬಂದರೆ ಇನ್ನೊಂದೂ ಬರುತ್ತದೆ ಎಂದು ಬೈರಣ್ಣ ನೆನಪಿಸಿದ. ಸುರಭಿ ತಲೆ ತಗ್ಗಿಸಿದರು. ರಜೆಯಲ್ಲಿ ತನ್ನ ಜಾಗಕ್ಕೆ ಯಾರನ್ನೂ ನೇಮಿಸದೆ ಹೋದದ್ದು ಅವರ ಮೇಲೂ ಬರುತ್ತಿತ್ತು.

ಅಣ್ಣಮ್ಮ ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದಳು. ಆಗ ಮೂವರೂ ಅವಳ ಕಡೆ ನೋಡಿದರು.

“ಇಳ್ದೋನು ನನ್ನ ಗಂಡ ಸಾರ್,” ಅಂದಳು. “ಮನೇಲಿ ಬಸುರಿ ಮಗಳವ್ಳೆ. ಅವನ ಮೈ ಉಜ್ಜಿದ್ದು ಅವಳೇ.”

ಬೈರಣ್ಣ ಗೋಡೆ ನೋಡಿದ. ಅವನಿಗೆ ಮೊದಲೇ ಗೊತ್ತಿತ್ತು. ಡಾಕ್ಟರು ಮೆತ್ತಗೆ ಮಾತಾಡಿದರು. ಹೆದರಬೇಡ, ಮಗಳನ್ನು ಸ್ವಲ್ಪ ದಿನ ಬೇರೆ ಕಡೆ ಇಡು, ಗಂಡನನ್ನು ಕರೆದುಕೊಂಡು ಬಾ, ಇಲ್ಲೇ ಪುಕ್ಕಟೆ ನೋಡುತ್ತೇವೆ, ಹೊರಗೆ ಮಾತ್ರ ಆಡಬೇಡ ಅಂದರು. ಮಗುವಿಗೆ ಏನಾಗುತ್ತದೆ ಎಂದು ಅವಳು ಕೇಳಿದಳು. ಬಹುಶಃ ಏನೂ ಆಗಲ್ಲ ಅಂದರು.

ಬಸ್ಸಿನಲ್ಲಿ ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಸುಟ್ಟಿರಲಿಲ್ಲ. ನಾತವಿರಲಿಲ್ಲ. ಹಾವಾಗಿದ್ದರೆ ಹೊಡೆಯಬಹುದಿತ್ತು. ಜ್ವರವಾಗಿದ್ದರೆ ಹಣೆ ಮುಟ್ಟಿ ನೋಡಬಹುದಿತ್ತು. ಇದು ಎಲ್ಲಿದೆ? ಗಂಡನ ಬೆವರಿನಲ್ಲೋ, ಅವನು ಉಂಡ ತಟ್ಟೆಯಲ್ಲೋ, ಮಗಳು ಮುಖ ಒರೆಸಿಕೊಂಡ ಟವಲಿನಲ್ಲೋ? ಪಕ್ಕದಲ್ಲಿ ಕೂತ ಹೆಂಗಸಿಗೆ ತಾಗದ ಹಾಗೆ ಅವಳು ಕಿಟಕಿಗೆ ಒತ್ತಿ ಕೂತಳು.

ಮನೆಯಲ್ಲಿ ಮುನಿಹನುಮ ಮಗಳ ಕಾಲು ಒತ್ತುತ್ತಿದ್ದ. ಕಾಲು ಬಾವು ಬಂದಿತ್ತು. ಅಣ್ಣಮ್ಮ ಬಾಗಿಲಲ್ಲೇ ನಿಂತು, ಮಗಳನ್ನು ಮುಟ್ಟಬೇಡ ಅಂದಳು. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. ಅವನು ಕೈ ತೆಗೆದ.

ಬೈರಣ್ಣನ ಮನೆಯ ಅಂಗಳದಲ್ಲಿ ಮುನಿಹನುಮನ ಅಪ್ಪನಿಗೆ ಆ ಮಾತು ಹೇಳಿದ್ದರು. ಹೋಟೆಲಿನ ಲೋಟ ಮುಟ್ಟಬೇಡ ಅಂದಿದ್ದರು, ಬಾವಿಯ ಹಗ್ಗ ಮುಟ್ಟಬೇಡ ಅಂದಿದ್ದರು. ಮನೆಯ ಹೊಸ್ತಿಲೊಳಗೆ ಯಾರೂ ಹೇಳಿರಲಿಲ್ಲ. ಈಗ ಹೆಂಡತಿಯೇ ಹೇಳಿದಳು. ಅವನು ತನ್ನ ಚಾಪೆ, ತಟ್ಟೆ, ಲೋಟ ತೆಗೆದುಕೊಂಡು ಹೊರಗೆ ಶೀಟಿನ ನೆರಳಿಗೆ ಹೋಗಿ ಕೂತ. ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಅಭ್ಯಾಸವಿದ್ದವನ ಹಾಗೆ ಕೂತ. ಅದನ್ನು ನೋಡಿ ಅಣ್ಣಮ್ಮನಿಗೆ ಒಳಗೆ ಬೆಂಕಿ ಹತ್ತಿತು. ಆದರೂ ಹೆದರಿಕೆ ಆ ಬೆಂಕಿಗಿಂತ ದೊಡ್ಡದಿತ್ತು.

ಸಂಜೆ ಹೇಮಶ್ರೀಯನ್ನು ಬನಶಂಕರಿಯಲ್ಲಿದ್ದ ನಾದಿನಿಯ ಮನೆಗೆ ಬಿಟ್ಟು ಬಂದಳು. ಮಗಳು ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮಗು ಒದೆಯುವುದು ನಿಂತ ಹಾಗಿದೆ ಅಂದಳು. ಒಂದು ಸ್ಟಾಪು ದಾಟಿದ ಮೇಲೆ ಒದೆಯಿತು ಅಂದಳು. ಆ ಒಂದು ಸ್ಟಾಪಿನಲ್ಲಿ ಅಣ್ಣಮ್ಮ ಸತ್ತು ಹುಟ್ಟಿದಳು.

ಮರುದಿನ ಸಾಲುಮನೆಗಳವರಿಗೆ ಹೇಗೋ ಸುದ್ದಿ ಹೋಯಿತು. ಕೊಳಾಯಿಯ ಹತ್ತಿರ ಹೆಂಗಸರು ಅಣ್ಣಮ್ಮನ ಬಿಂದಿಗೆಯನ್ನು ಕಾಲಿನಿಂದ ದೂರ ತಳ್ಳಿದರು. ಅವರೂ ಅವಳ ಜಾತಿಯವರೇ. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರ ಮನೆಗಳಲ್ಲೂ ಮಕ್ಕಳಿದ್ದವು.

ಕಾಯುತ್ತಿರುವ ಬಡವರು ಎಂದು ಡಾಕ್ಟರು ಹೇಳಿದ್ದರಲ್ಲ, ಅವರಲ್ಲಿ ಒಬ್ಬಳು ಅಣ್ಣಮ್ಮನಿಗೆ ಗೊತ್ತಿದ್ದಳು. ಹನುಮಂತನಗರದಲ್ಲಿ, ಗುಡ್ಡದ ದೇವಸ್ಥಾನಕ್ಕೆ ಹತ್ತುವ ಮೆಟ್ಟಿಲ ಬುಡದಲ್ಲಿ ಹೂ ಮಾರುವ ಗೌರಮ್ಮ. ಆಪರೇಷನ್ನಿಗೆ ಬಂದಾಗ ವಾರ್ಡಿನಲ್ಲಿ ಪರಿಚಯವಾಗಿದ್ದಳು. ಈ ಶುಕ್ರವಾರ ಅವಳ ಸರದಿ. ಬುಧವಾರ ಅಣ್ಣಮ್ಮ ಅವಳನ್ನು ಹುಡುಕಿಕೊಂಡು ಹೋದಳು. ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ದೂರ ಕೂತು ಎಲ್ಲವನ್ನೂ ಹೇಳಿದಳು. ನಾನು ಬಾಯಿ ಬಿಟ್ಟರೆ ನಿನ್ನ ಔಷಧಿ ನಿಲ್ಲುತ್ತದೆ ಅಂದಳು.

ಗೌರಮ್ಮ ಕಾಕಡ ಕಟ್ಟುತ್ತಲೇ ಇದ್ದಳು. ಕತ್ತಿನ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

“ನನ್ಯಾಕೆ ಕೇಳೋಕೆ ಬಂದೆ?” ಅಂದಳು ಕೊನೆಗೆ. “ನಾನು ಬದುಕ್ಬೇಕು ಅಂತೀನಿ. ಇನ್ನೇನು ಹೇಳ್ಲಿ? ನಿನ್ನ ಜಾಗದಲ್ಲಿದ್ದಿದ್ರೆ ಊರಿಗೆಲ್ಲ ಕೂಗಿ ಹೇಳ್ತಿದ್ದೆ. ನಿನ್ನ ಜಾಗದಲ್ಲಿ ಇಲ್ವಲ್ಲ ನಾನು.”

ಅಣ್ಣಮ್ಮ ಏನೂ ತೀರ್ಮಾನವಾಗದೆ ವಾಪಸು ಬಂದಳು. ಒಬ್ಬ ಹೆಂಗಸಿನ ಪ್ರಾಣ ಒಂದು ಕೈಯಲ್ಲಿ, ಗಂಡನದು ಇನ್ನೊಂದು ಕೈಯಲ್ಲಿ. ಈ ತಕ್ಕಡಿಯನ್ನು ತನ್ನ ಕೈಗೆ ಕೊಟ್ಟವರು ಯಾರು ಅನ್ನುವುದು ಮಾತ್ರ ದಾರಿಯಲ್ಲಿ ಅವಳಿಗೆ ಹೊಳೆಯಿತು. ಅವರ ಕೈ ಖಾಲಿಯಾಗಿತ್ತು, ಶುಭ್ರವಾಗಿತ್ತು.

ಗುರುವಾರ ಬೆಳಿಗ್ಗೆ ಬೈರಣ್ಣನ ಬೈಕು ಮತ್ತೆ ಬಂತು. ಅವನು ಬೈಕಿನಿಂದ ಇಳಿಯಲಿಲ್ಲ. ಪೈಪು ಮತ್ತೆ ಕಟ್ಟಿಕೊಂಡಿದೆ, ನಾಳೆ ಪೇಷೆಂಟುಗಳು ಬರುತ್ತಾರೆ, ಇವತ್ತೇ ತೆಗೆಯಬೇಕು ಅಂದ. ಈ ಸಲ ಗ್ಲೌಸು ಕೊಡುತ್ತಾರಂತೆ ಅಂದ.

ಇನ್ನೊಮ್ಮೆ ಇಳಿಸುತ್ತೀರಾ ಎಂದು ಅಣ್ಣಮ್ಮ ಕೇಳಿದಳು.

“ನೋಡಮ್ಮೀ, ಸುಮ್ನೆ ಯೋಚ್ನೆ ಮಾಡು. ಅವನಿಗೆ ಹೆಂಗೂ ತಾಕೈತೆ. ಈಗ ಇನ್ನೊಬ್ಬನ್ನ ಇಳಿಸಿ ಅವನಿಗೂ ತಾಕ್ಸೋದು ಯಾವ ನ್ಯಾಯ? ತಾಕಿರೋನೇ ಇಳಿದ್ರೆ ಒಬ್ಬನಿಗೇ ಮುಗಿಯುತ್ತೆ.”

ಅವನು ನಗುತ್ತಿರಲಿಲ್ಲ. ನಿಜವಾಗಿಯೂ ಲೆಕ್ಕ ಹಾಕಿ ಹೇಳಿದ್ದ. ಅಣ್ಣಮ್ಮ ನಾಲ್ಕು ದಿನದಿಂದ ಹೆದರಿದ್ದು ಒಂದು, ಇದು ಇನ್ನೊಂದು. ಇವರಿಗೆ ಇದು ಮುಗಿಯುವುದೇ ಇಲ್ಲ. ಹಾಳಾದವನು ಹಾಳಾದ ಅಂತ ಅವನನ್ನೇ ಮತ್ತೆ ಮತ್ತೆ ಇಳಿಸುತ್ತಾರೆ. ಅವನು ಸತ್ತ ಮೇಲೆ ಇನ್ನೊಬ್ಬನನ್ನು ಹುಡುಕುತ್ತಾರೆ.

ಶೀಟಿನ ನೆರಳಿನಲ್ಲಿ ಮುನಿಹನುಮ ಎದ್ದು ನಿಂತಿದ್ದ. ಅಂಗಿ ಬಿಚ್ಚುತ್ತಿದ್ದ. ಅಣ್ಣಮ್ಮ ಹೋಗಿ ಅವನ ಕೈ ಹಿಡಿದುಕೊಂಡಳು. ಭಾನುವಾರದಿಂದ ಅವನನ್ನು ಮುಟ್ಟಿದ್ದು ಅದೇ ಮೊದಲು. ಅವನು ಬಿಡಿಸಿಕೊಳ್ಳಲು ನೋಡಿದ, ನಿನಗೂ ಅಂಟುತ್ತದೆ ಅಂದ.

“ಅಂಟ್ಲಿ,” ಅಂದಳು. ಬೈರಣ್ಣನ ಕಡೆ ತಿರುಗಿದಳು. “ಇಳಿಯಲ್ಲ ಕಣಣ್ಣ. ನೀನು ಇಳಿ. ಇಲ್ಲ ನಿನ್ನ ಡಾಕ್ಟರನ್ನ ಇಳ್ಸು.”

ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಬೈರಣ್ಣ ಹೇಳಿದ. ಅವಳು ಬೈಕು ಹೋಗುವವರೆಗೂ ಗಂಡನ ಕೈ ಬಿಡಲಿಲ್ಲ.

ಇಬ್ಬರೂ ಆಟೋ ಹಿಡಿಯಲಿಲ್ಲ, ಬಸ್ಸು ಹತ್ತಲಿಲ್ಲ. ಜನರ ಮಧ್ಯೆ ಅವನನ್ನು ಕೂರಿಸಲು ಅವಳಿಗೆ ಮನಸ್ಸಾಗಲಿಲ್ಲ. ಬಿಸಿಲಿನಲ್ಲಿ, ಮೆಟ್ರೋ ಕಂಬಗಳ ಕೆಳಗೆ, ಜಯನಗರದವರೆಗೆ ನಡೆದೇ ಹೋದರು. ಆಸ್ಪತ್ರೆಯ ಹತ್ತಿರದ ಪೊಲೀಸ್ ಠಾಣೆಯ ಮುಂದೆ ಅವನನ್ನು ಮರದ ಕೆಳಗೆ ಕೂರಿಸಿ ಅವಳು ಒಳಗೆ ಹೋದಳು.

ಅಲ್ಲಿನ ಸಬ್ ಇನ್ಸ್‌ಪೆಕ್ಟರ್ ಶಶಿಕಾಂತ್ ಅವಳ ಮಾತು ಪೂರ್ತಿ ಕೇಳಲಿಲ್ಲ. ಗುಂಡಿಗೆ ಇಳಿಸಿದ್ದಕ್ಕೆ ಯಾರು ಸಾಕ್ಷಿ ಅಂದ. ವಿಕಿರಣ ಅಂದರೆ ತಮಗೆ ಸಂಬಂಧವಿಲ್ಲ ಅಂದ. ಗಂಡನಿಗೆ ಏನಾಗಿದೆ, ನೋಡಿದರೆ ಚೆನ್ನಾಗೇ ಇದ್ದಾನಲ್ಲ ಅಂದ. ನಾಳೆ ಬಾ ಅಂದ.

ಅಣ್ಣಮ್ಮ ಹೊರಗೆ ನೋಡಿದಳು. ಮರದ ಕೆಳಗೆ ಮುನಿಹನುಮ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ನಾಲ್ಕು ದಿನದಿಂದ ಅವಳನ್ನು ಹಿಡಿದಿದ್ದ ಹೆದರಿಕೆ ಈ ಪೊಲೀಸಿನವನಿಗೆ ಯಾಕಿಲ್ಲ ಅನ್ನಿಸಿತು. ಮೈಗೆ ತಾಕುವವರೆಗೂ ಇವರಿಗೆ ಬರುವುದಿಲ್ಲ ಅನ್ನುವುದು ತಿಳಿಯಿತು.

“ಸಾರ್, ಆಸ್ಪತ್ರೆಯೋರು ಅವನ ಹತ್ರ ಯಾರೂ ಹೋಗ್ಬೇಡಿ ಅಂದವ್ರೆ,” ಅಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. “ನೀವು ಬರ್ಕೊಂಡ್ರೆ ಅವನು ಆಚೆನೇ ಇರ್ತಾನೆ. ಬರ್ಕೊಳ್ದಿದ್ರೆ ಕರ್ಕೊಂಬಂದು ನಿಮ್ಮ ಪಕ್ಕದಲ್ಲಿ ಕೂರುಸ್ತೀನಿ. ಅವನು ಕುಡಿದ ಲೋಟನ ನಿಮ್ಮ ಮೇಜಿನ ಮೇಲಿಡ್ತೀನಿ. ನಾಳೆವರೆಗೂ ಇಲ್ಲೇ ಇರ್ತೀವಿ.”

ಶಶಿಕಾಂತ್ ನಕ್ಕ. ಅವಳು ಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. ಮುನಿಹನುಮ ಎದ್ದು ಬಂದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಬರೆಯುತ್ತಿದ್ದ ಕಾನ್‌ಸ್ಟೆಬಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ದೂರು ಕೊಡಲು ಬಂದಿದ್ದ ಗಂಡ ಹೆಂಡತಿ ಗೋಡೆಗೆ ಅಂಟಿಕೊಂಡರು. ಎರಡನೇ ಮೆಟ್ಟಿಲಿಗೆ ಶಶಿಕಾಂತ್‌ನ ನಗು ಹೋಯಿತು. ಅಲ್ಲೇ ನಿಲ್ಲು ಎಂದು ಕೈ ಅಡ್ಡ ಹಿಡಿದ. ಇನ್ನೊಂದು ಕೈಯಲ್ಲಿ ಫೋನು ಎತ್ತಿಕೊಂಡ.

ಆಸ್ಪತ್ರೆಯಿಂದ ಸುರಭಿ ಮೇಡಂ ಬಂದರು. ಒಬ್ಬರೇ ಬಂದರು. ಮೀಟರನ್ನು ಮುನಿಹನುಮನ ಕೈಗೆ ಹಿಡಿದರು, ಎದೆಗೆ ಹಿಡಿದರು. ಕತ್ತಿನ ಹತ್ತಿರ ತಂದಾಗ ಅದು ಕಿರುಚಿತು. ಠಾಣೆಯಲ್ಲಿದ್ದವರೆಲ್ಲ ಕೇಳಿದರು. ಅವನು ಕಣ್ಣು ಮುಚ್ಚಿಕೊಂಡು, ಗದ್ದ ಎತ್ತಿ, ಕ್ಷೌರಕ್ಕೆ ಕೂತವನ ಹಾಗೆ ನಿಂತಿದ್ದ. ಇವನು ಹತ್ತಿರ ನಿಂತರೆ ನಿಮಗೆ ಏನೂ ಆಗಲ್ಲ, ಗಂಟೆಗಟ್ಟಲೆ ಒತ್ತಿಕೊಂಡು ಕೂತರೆ ಮಾತ್ರ ಎಂದು ಸುರಭಿ ಪೊಲೀಸರಿಗೆ ಹೇಳಿದರು. ಯಾರೂ ನಂಬಲಿಲ್ಲ. ಆಮೇಲೆ ಅಲ್ಲೇ ನಿಂತು ಮುಂಬೈಗೆ ಫೋನು ಮಾಡಿದರು. ಮಾತಾಡುವಾಗ ಅತ್ತರು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಆ ಎರಡು ಕೋಣೆಗಳಿಗೆ ಬೀಗ ಬಿತ್ತು. ಡಾಕ್ಟರ್ ವಸಿಷ್ಠ ಅವರ ಮೇಲೆ, ಬೈರಣ್ಣನ ಮೇಲೆ ಕೇಸು ದಾಖಲಾಯಿತು. ಬೈರಣ್ಣ ಜಾಮೀನಿನ ಮೇಲೆ ಬಂದ ಮರುದಿನವೇ ಅಣ್ಣಮ್ಮನ ಪಾತ್ರೆಗಳನ್ನು ಬೀದಿಗೆ ಇಟ್ಟ. ಅವಳು ಗಂಡನನ್ನು ಕರೆದುಕೊಂಡು ಜೆ.ಪಿ. ನಗರದ ಆಚೆ ಒಂದು ಗ್ಯಾರೇಜಿನ ಹಿಂದೆ ಸೇರಿಕೊಂಡಳು. ಮುನಿಹನುಮನ ಕತ್ತಿನ ಗ್ರಂಥಿಗೆ ಪೆಟ್ಟು ಬಿದ್ದಿದೆ, ಬದುಕಿರುವವರೆಗೂ ಪರೀಕ್ಷೆ ಮಾಡಿಸುತ್ತಿರಬೇಕು ಎಂದು ಬೇರೆ ಆಸ್ಪತ್ರೆಯವರು ಹೇಳಿದರು. ಹೇಮಶ್ರೀಗೆ ಹೆಣ್ಣುಮಗು ಹುಟ್ಟಿತು. ಅದರ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ನೋಡಿದರು. ಸದ್ಯಕ್ಕೆ ಚೆನ್ನಾಗಿದೆ ಅಂದರು. ಮಗು ಸ್ವಲ್ಪ ಹೆಚ್ಚು ನಿದ್ದೆ ಮಾಡಿದರೂ ಅಣ್ಣಮ್ಮ ಅದರ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು.

ಗೌರಮ್ಮನಿಗೆ ಆ ಶುಕ್ರವಾರ ಔಷಧಿ ಸಿಗಲಿಲ್ಲ. ಬೇರೆ ಕಡೆ ಸರದಿ ಸಿಗುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಅಣ್ಣಮ್ಮ ಎರಡು ಸಲ ಹನುಮಂತನಗರಕ್ಕೆ ಹೋದಳು. ಎರಡು ಸಲವೂ ಗೌರಮ್ಮ ಬುಟ್ಟಿ ಎತ್ತಿಕೊಂಡು ಮುಖ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ವಿಚಾರಣೆಗೆ ಮುಂಬೈಯಿಂದ ಬಂದವರಲ್ಲಿ ಒಬ್ಬರು ಕನ್ನಡದವರು, ಶಿವರಾಮ್ ಎಂದು ಹೆಸರು. ಒಳ್ಳೆಯ ಮನುಷ್ಯ. ಅಣ್ಣಮ್ಮನಿಗೆ ನೀರು ಕೊಟ್ಟು, ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಕೊನೆಗೆ ತಲೆ ಎತ್ತಿ, ಸೋಮವಾರವೇ ನಿಮಗೆ ಗೊತ್ತಾಗಿತ್ತಲ್ಲ, ಗುರುವಾರದವರೆಗೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು.

ಅಣ್ಣಮ್ಮ ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು.

“ಆಸ್ಪತ್ರೆಯೋರು ನಿಮಗೆ ತಿಳಿಸ್ಬೇಕು ಅಂತ ರೂಲ್ಸ್ ಐತಂತೆ. ಗುಂಡಿಗಿಳಿಯೋನಿಗೆ ಮೊದ್ಲು ತಿಳಿಸ್ಬೇಕು ಅಂತ ಎಲ್ಲೈತೆ ಸಾರ್?”

ಇದೆ, ಕೆಲಸಗಾರರಿಗೆಲ್ಲ ತಿಳುವಳಿಕೆ ಕೊಡಬೇಕು ಅಂತ ಇದೆ ಎಂದರು ಶಿವರಾಮ್.

“ಅವನು ಕೆಲಸಗಾರ ಅಲ್ವಂತೆ. ಆಸ್ಪತ್ರೆಯೋರು ನಮ್ಮೋನಲ್ಲ ಅಂದ್ರು. ಬೈರಣ್ಣನೂ ನಮ್ಮೋನಲ್ಲ ಅಂದ. ಪೇಷೆಂಟೂ ಅಲ್ಲ. ಹಂಗಾರೆ ಅವನು ಯಾರು?”

ಶಿವರಾಮ್ ಪೆನ್ನು ಕೆಳಗಿಟ್ಟರು. ಆ ಪ್ರಶ್ನೆ ತಮ್ಮ ವರದಿಯಲ್ಲಿ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಹೊರಗೆ ಇನ್ನೂ ಕೆಲವರು ಹೇಳಿಕೆ ಕೊಡಲು ಕಾಯುತ್ತಿದ್ದಾರೆ, ನೀವು ಹೋಗಬಹುದು ಅಂದರು.

“ಬರ್ಕೊಳ್ಳಿ ಸಾರ್,” ಅಂದಳು ಅಣ್ಣಮ್ಮ.

ಅವಳು ಏಳಲಿಲ್ಲ.